ತಂತಿಯ ಕೆಳಗಿನವರ ಲೆಕ್ಕ

1999ರ ಡಿಸೆಂಬರಿನಲ್ಲಿ ಅಮೆರಿಕದ ಕೊಜೆಂಟ್ರಿಕ್ಸ್ ಕಂಪನಿ ನಂದಿಕೂರು ಬಿಟ್ಟು ಹೋಯಿತು. ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಸಿಗುವ ಈ ಊರಿನಲ್ಲಿ 1,000 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ಕಟ್ಟುತ್ತೇನೆಂದು ಅದು ಹಾಂಗ್‌ಕಾಂಗ್‌ನ ಚೈನಾ ಲೈಟ್ ಅಂಡ್ ಪವರ್ ಜೊತೆ ಸೇರಿ ವರ್ಷಗಟ್ಟಲೆ ಓಡಾಡಿತ್ತು. ಬೆಂಗಳೂರಿನ ಹೈಕೋರ್ಟ್‌ನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಬಿದ್ದು, ಪ್ರಕರಣ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ಕರಾವಳಿಯ ರೈತರು, ಮೀನುಗಾರರು, ಪರಿಸರದ ಕಾಳಜಿಯುಳ್ಳವರು ಬೀದಿಗಿಳಿದಿದ್ದರು. ಕಂಪನಿ ಕೈ ಚೆಲ್ಲಿದಾಗ ನಂದಿಕೂರಿನ ಆಸುಪಾಸಿನಲ್ಲಿ ಅದನ್ನು ಗೆಲುವೆಂದೇ ಭಾವಿಸಿದವರು ಬಹಳ ಮಂದಿ.

ಆ ಯೋಜನೆ ಏಕೆ ಬಂತು, ಯಾವ ಲೆಕ್ಕದ ಮೇಲೆ ಬಂತು ಎಂಬುದನ್ನು ತಿಳಿಯದಿದ್ದರೆ ಮುಂದಿನ ಕಾಲು ಶತಮಾನದಲ್ಲಿ ಕಾಪು, ಕಾರ್ಕಳದ ಹೊಲ–ತೋಟಗಳಲ್ಲಿ ನಡೆದದ್ದು ಅರ್ಥವಾಗುವುದಿಲ್ಲ. ಹೊಗೆ, ಬೂದಿಯ ಬಗ್ಗೆ ನಮ್ಮಲ್ಲಿ ಸಾಕಷ್ಟು ಬರೆದಿದ್ದಾರೆ. ಹಣದ ಬಗ್ಗೆ ಬರೆದದ್ದು ಕಡಿಮೆ. ಸ್ಥಾವರಕ್ಕೂ ತಂತಿಗೂ ಹಾಕಿದ ದುಡ್ಡಿಗೆ ಎಷ್ಟು ಲಾಭ ಸಲ್ಲಬೇಕು, ಅದನ್ನು ಯಾರು ತೀರ್ಮಾನಿಸಬೇಕು, ಆ ತೀರ್ಮಾನದ ಹೊತ್ತಿನಲ್ಲಿ ಯಾರ ಮಾತು ಕೇಳಬೇಕು? ಈ ಮೂರು ಪ್ರಶ್ನೆಗಳಿಗೆ ಸರಕಾರಗಳು ಮೂರು ಕಾಲದಲ್ಲಿ ಮೂರು ಉತ್ತರ ಕೊಟ್ಟವು. ಮೂರನ್ನೂ ಪರೀಕ್ಷೆಗೆ ಒಡ್ಡಿದ ನೆಲ ನಮ್ಮದು.

ಮೊದಲನೆಯದು ಮಂಡಳಿಯ ಕಾಲ. ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದ ಜಿಲ್ಲೆ. ರಾಜ್ಯ ಏಕೀಕರಣದ ಮರುವರ್ಷ, 1957ರಲ್ಲಿ, ವಿದ್ಯುಚ್ಛಕ್ತಿ ಮಂಡಳಿ ಹುಟ್ಟಿತು. ಕೆಇಬಿ ಎಂಬ ಹೆಸರಲ್ಲಿ ನಮ್ಮ ಹಿರಿಯರು ಕಂಡದ್ದು ಅದನ್ನೇ. ಮೆಸ್ಕಾಂ ಬಂದು ಎಷ್ಟು ವರ್ಷವಾದರೂ ಹಳ್ಳಿಯಲ್ಲಿ ಇಂದಿಗೂ ಲೈನ್‌ಮ್ಯಾನ್ ‘ಕೆಇಬಿಯವರು’. 1965ರಲ್ಲಿ ಶರಾವತಿ ಯೋಜನೆ ಉದ್ಘಾಟನೆಯಾಯಿತು. 1989–90ರಲ್ಲಿ ನಮ್ಮದೇ ಘಟ್ಟದ ಬುಡದಲ್ಲಿ, ಹೊಸಂಗಡಿಯ ಭೂಗರ್ಭದಲ್ಲಿ, ವಾರಾಹಿಯ ಮೊದಲ ಎರಡು ಯಂತ್ರಗಳು ತಿರುಗಿದವು. ಒಂದೊಂದು 115 ಮೆಗಾವಾಟ್. ಆ ಕಾಲದಲ್ಲಿ ಹಣ ಹೂಡುತ್ತಿದ್ದುದು ಸರಕಾರ, ದರ ಕಟ್ಟುತ್ತಿದ್ದುದೂ ಸರಕಾರ. 1948ರ ವಿದ್ಯುತ್ ಪೂರೈಕೆ ಕಾಯ್ದೆಯ 59ನೇ ಸೆಕ್ಷನ್ನಿಗೆ ಎಂಬತ್ತರ ದಶಕದಲ್ಲಿ ತಂದ ತಿದ್ದುಪಡಿಯ ಪ್ರಕಾರ ಮಂಡಳಿಗಳು ತಮ್ಮ ಆಸ್ತಿಯ ಮೇಲೆ ಕನಿಷ್ಠ ಶೇ. 3ರಷ್ಟು ಮಿಗತೆ ತೋರಿಸಬೇಕಿತ್ತು. ಹೆಚ್ಚಿನ ಮಂಡಳಿಗಳಿಗೆ ಅದೂ ಆಗಲಿಲ್ಲ. ಚುನಾವಣೆಯ ವರ್ಷ ದರ ಏರಿಸುವ ಧೈರ್ಯ ಯಾವ ಸರಕಾರಕ್ಕೂ ಇರಲಿಲ್ಲ. ದುಡ್ಡಿಲ್ಲದೆ ತಂತಿ ಹಳತಾಯಿತು. ಬೇಸಗೆಯಲ್ಲಿ ಸಂಜೆಯಾದರೆ ವೋಲ್ಟೇಜ್ ಬಿದ್ದು ಪಂಪು ಗುಂಯ್ ಎನ್ನುವುದು ಕೃಷಿಕರಿಗೆ ದಿನನಿತ್ಯದ ಮಾತಾಯಿತು.

1991ರಲ್ಲಿ ದೇಶದ ಬೊಕ್ಕಸ ಬರಿದಾದಾಗ ಕೇಂದ್ರ ಸರಕಾರ ಬಾಗಿಲು ತೆರೆಯಿತು. 1992ರ ಮಾರ್ಚ್ ಅಧಿಸೂಚನೆಯ ಪ್ರಕಾರ ಖಾಸಗಿ ಉತ್ಪಾದಕ ತನ್ನ ಸ್ಥಾವರವನ್ನು ಶೇ. 68.5 ಸಾಮರ್ಥ್ಯದಲ್ಲಿ ಓಡಿಸಿದರೆ ಸಾಕು, ಹೂಡಿದ ಸ್ವಂತ ಬಂಡವಾಳದ ಮೇಲೆ ಶೇ. 16 ಲಾಭ ಸಿಗುತ್ತಿತ್ತು. ಅದಕ್ಕಿಂತ ಹೆಚ್ಚು ಓಡಿಸಿದರೆ ಪ್ರೋತ್ಸಾಹಧನ ಬೇರೆ. ಮಂಡಳಿಗೆ ಶೇ. 3, ಹೊರಗಿನಿಂದ ಬಂದವನಿಗೆ ಶೇ. 16. ಮಂಡಳಿ ಹಣ ಕೊಡದಿದ್ದರೆ ರಾಜ್ಯ ಸರಕಾರ ಜಾಮೀನು. ರಾಜ್ಯವೂ ಕೊಡದಿದ್ದರೆ ಕೇಂದ್ರದ ಪ್ರತಿ–ಜಾಮೀನು. ಈ ಪ್ರತಿ–ಜಾಮೀನಿನ ಭರವಸೆ ಪಡೆದ ಎಂಟು ‘ಫಾಸ್ಟ್ ಟ್ರ್ಯಾಕ್’ ಯೋಜನೆಗಳಲ್ಲಿ ಮಹಾರಾಷ್ಟ್ರದ ದಾಭೋಲ್ ಒಂದು, ನಮ್ಮ ನಂದಿಕೂರು ಇನ್ನೊಂದು.

ಲಾಭ ಶೇ. 16 ಎಂಬುದಷ್ಟೇ ಇಲ್ಲಿನ ತೊಂದರೆಯಾಗಿರಲಿಲ್ಲ. ಲಾಭವನ್ನು ವೆಚ್ಚಕ್ಕೆ ಕಟ್ಟಿಹಾಕಿದ್ದರು. ಒಂದು ಉದಾಹರಣೆ ತೆಗೆದುಕೊಳ್ಳೋಣ. ಸ್ಥಾವರದ ವೆಚ್ಚ 4,000 ಕೋಟಿ ರೂಪಾಯಿ, ಅದರಲ್ಲಿ ಶೇ. 30 ಸ್ವಂತ ಬಂಡವಾಳ ಎಂದರೆ 1,200 ಕೋಟಿ. ವರ್ಷಕ್ಕೆ 192 ಕೋಟಿ ಲಾಭ. ಅದೇ ಸ್ಥಾವರವನ್ನು 5,000 ಕೋಟಿಗೆ ಕಟ್ಟಿದೆನೆಂದು ತೋರಿಸಿದರೆ ಲಾಭ 240 ಕೋಟಿ. ಅಷ್ಟೇ ಕರೆಂಟು, 48 ಕೋಟಿ ಹೆಚ್ಚು ಲಾಭ, ಅದೂ ವರ್ಷವರ್ಷವೂ. ಅಮೆರಿಕದ ಇಬ್ಬರು ಅರ್ಥಶಾಸ್ತ್ರಜ್ಞರು, ಹಾರ್ವೆ ಏವರ್ಚ್ ಮತ್ತು ಲೆಲಂಡ್ ಜಾನ್ಸನ್, 1962ರಲ್ಲೇ ಈ ಅಪಾಯವನ್ನು ವಿವರಿಸಿದ್ದರು: ಬಂಡವಾಳದ ಮೇಲೆ ಇಂತಿಷ್ಟು ಎಂದು ಲಾಭ ಗೊತ್ತುಮಾಡಿದರೆ ಕಂಪನಿ ಅಗತ್ಯಕ್ಕಿಂತ ಹೆಚ್ಚು ಬಂಡವಾಳ ಹೂಡಲು ಮನಸ್ಸು ಮಾಡುತ್ತದೆ. ಹಾಗಾಗಿ ಶೇಕಡಾವಾರು ನಿಗದಿ ಮಾಡಿದರೆ ಸಾಲದು, ವೆಚ್ಚ ನಿಜವೇ ಎಂದು ತನಿಖೆ ಮಾಡುವ ಸ್ವತಂತ್ರ ಕಣ್ಣೊಂದು ಬೇಕು. ನಂದಿಕೂರಿನ ಒಪ್ಪಂದ ನಡೆದ ಕಾಲದಲ್ಲಿ ಕರ್ನಾಟಕಕ್ಕೆ ಅಂಥ ಕಣ್ಣಿರಲಿಲ್ಲ. ಟೆಂಡರು ಇಲ್ಲದೆ, ಒಡಂಬಡಿಕೆಯ ಮೂಲಕವೇ ಯೋಜನೆಗಳು ಹಂಚಿಹೋಗುತ್ತಿದ್ದವು. ದಾಭೋಲ್‌ನ ಗತಿ ಏನಾಯಿತೆಂದು ಎಲ್ಲರಿಗೂ ಗೊತ್ತು: 1999ರಲ್ಲಿ ಶುರುವಾದ ಸ್ಥಾವರ 2001ರಲ್ಲಿ ನಿಂತಿತು. ಕೊಜೆಂಟ್ರಿಕ್ಸ್ ಬಂದಿದ್ದರೆ ನಮ್ಮ ಕಥೆಯೂ ಹಾಗೇ ಆಗುತ್ತಿತ್ತೇ ಎಂದು ಹೇಳಲಾಗದು. ಆದರೆ ಅದೇ ಅಚ್ಚಿನಲ್ಲಿ ಎರೆದ ಯೋಜನೆ ಅದು. ಅದು ಹೋದದ್ದಕ್ಕೆ ನನಗೆ ವಿಷಾದವಿಲ್ಲ.

ಕೊಜೆಂಟ್ರಿಕ್ಸ್ ಗಂಟು ಕಟ್ಟಿದ ವರ್ಷವೇ ಎರಡನೆಯ ಕಾಲ ಶುರುವಾಯಿತು. ಒಡಿಶಾ 1996ರಲ್ಲಿ ಹಾಕಿದ ಹೆಜ್ಜೆಯನ್ನು ಹಿಂಬಾಲಿಸಿ ಕರ್ನಾಟಕ ತನ್ನ ವಿದ್ಯುಚ್ಛಕ್ತಿ ಸುಧಾರಣಾ ಕಾಯ್ದೆಯನ್ನು ತಂದಿತು. 1999ರ ಆಗಸ್ಟ್ 1ರಂದು ಮಂಡಳಿ ಹೋಗಿ ಪ್ರಸರಣ ನಿಗಮವಾದ ಕೆಪಿಟಿಸಿಎಲ್ ಬಂತು. ಅದೇ ವರ್ಷ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸ್ಥಾಪನೆಯಾಯಿತು. 2002ರ ಜೂನ್ 1ರಂದು ವಿತರಣೆಯೂ ಬೇರೆಯಾಗಿ ಮಂಗಳೂರಿನಲ್ಲಿ ಮೆಸ್ಕಾಂ ಕಚೇರಿ ತೆರೆಯಿತು. 2003ರ ಕೇಂದ್ರ ಕಾಯ್ದೆ ದೇಶಕ್ಕೆಲ್ಲ ಒಂದೇ ಚೌಕಟ್ಟು ಹಾಕಿತು.

ಈ ಆಯೋಗಗಳು ಮಾಡುವ ಕೆಲಸ ಕೇಳಲು ಸಪ್ಪೆ, ಪರಿಣಾಮದಲ್ಲಿ ದೊಡ್ಡದು. ಕಾರ್ಕಳದಲ್ಲೊಂದು ಹೊಸ ಉಪಕೇಂದ್ರ, ಉಡುಪಿಯಲ್ಲೊಂದು ನೆಲದಡಿಯ ಕೇಬಲ್ಲು, ಮಣಿಪಾಲದ ಏರುವ ಕಟ್ಟಡಗಳಿಗೊಂದು ಫೀಡರು: ಇವಕ್ಕೆಲ್ಲ ಆಗುವ ಖರ್ಚನ್ನು ಕಂಪನಿ ವಾರ್ಷಿಕ ಅರ್ಜಿಯಲ್ಲಿ ತೋರಿಸುತ್ತದೆ. ಆಯೋಗ ಅದನ್ನು ಒಪ್ಪಿದರಷ್ಟೇ ಸಾಲದ ಬಡ್ಡಿ, ಸವಕಳಿ, ಬಂಡವಾಳದ ಲಾಭ ಮೂರೂ ಗ್ರಾಹಕರ ದರದೊಳಗೆ ಬರುತ್ತವೆ. ಮುಗಿದ ಕಾಮಗಾರಿಗಳನ್ನು ಮತ್ತೆ ಹೊರಗಿನ ಪರಿಣತರಿಂದ ಪರಿಶೀಲಿಸುವ ಪದ್ಧತಿಯೂ ಇದೆ. ಹೇಳಿದ ಪ್ರಯೋಜನ ಸಿಕ್ಕಿತೇ, ಅಂದಾಜಿಗಿಂತ ಖರ್ಚು ಏಕೆ ಹೆಚ್ಚಿತು ಎಂದು ಕೇಳಿ, ಸಮಾಧಾನವಾಗದಿದ್ದರೆ ಆ ಮೊತ್ತವನ್ನು ದರದಿಂದ ಹೊರಗಿಡುವ ಅಧಿಕಾರ ಆಯೋಗಕ್ಕುಂಟು. ಮಂಡಳಿಯ ಕಾಲದಲ್ಲಿ ಕನಸಿನಲ್ಲೂ ಇರದಿದ್ದ ಅವಕಾಶ ಇನ್ನೊಂದು: ಜನರ ಅಹವಾಲು. ಮಂಗಳೂರಿನಲ್ಲಿ ಆಯೋಗ ಕುಳಿತು ಕೇಳುವ ದಿನ ಉಡುಪಿ ಜಿಲ್ಲೆಯ ಭಾರತೀಯ ಕಿಸಾನ್ ಸಂಘದವರು, ಸಣ್ಣ ಕೈಗಾರಿಕೆಯವರು, ಐಸ್ ಪ್ಲಾಂಟಿನವರು ಕಾಗದ ಹಿಡಿದು ನಿಲ್ಲುತ್ತಾರೆ. ‘ಮೀಟರ್ ಇಲ್ಲದ ಪಂಪಿಗೆ ಇಷ್ಟು ಯೂನಿಟ್ ಎಂದು ನೀವು ಬರೆದದ್ದು ಹೇಗೆ?’ ಎಂದು ಕೃಷಿಕನೊಬ್ಬ ಕೇಳಿದರೆ ಇಂಜಿನಿಯರು ಉತ್ತರ ಕೊಡಲೇಬೇಕು. ಇದು ಸಣ್ಣ ಸಂಗತಿಯಲ್ಲ.

ಇಷ್ಟಾಗಿಯೂ, ದೊಡ್ಡ ಮೀನು ಈ ಬಲೆಗೆ ಸಿಗಲಿಲ್ಲ. ಕೊಜೆಂಟ್ರಿಕ್ಸ್ ಹೋದರೂ ಅದೇ ಪರಿಸರದಲ್ಲಿ ನಾಗಾರ್ಜುನ ಸಂಸ್ಥೆಯ ಇನ್ನೊಂದು ಯೋಜನೆ ಉಸಿರು ಹಿಡಿದುಕೊಂಡಿತ್ತು. ಮುಂದೆ ಅದು ಲ್ಯಾಂಕೋ ಕೈಗೆ ಬಂತು, ಉಡುಪಿ ಪವರ್ ಕಾರ್ಪೊರೇಷನ್ ಎಂಬ ಹೆಸರಾಯಿತು. ಜನರ ಬಾಯಲ್ಲಿ ಯುಪಿಸಿಎಲ್. 2005ರ ಡಿಸೆಂಬರಿನಲ್ಲಿ ವಿದ್ಯುತ್ ಖರೀದಿ ಒಪ್ಪಂದವಾಯಿತು. ಎಲ್ಲೂರಿನಲ್ಲಿ 600 ಮೆಗಾವಾಟ್‌ನ ಎರಡು ಘಟಕ. ಹೊರದೇಶದಿಂದ ಹಡಗಿನಲ್ಲಿ ನವಮಂಗಳೂರು ಬಂದರಿಗೆ ಬರುವ ಕಲ್ಲಿದ್ದಲು, ಅಲ್ಲಿಂದ ರೈಲಿನಲ್ಲಿ ಸ್ಥಾವರಕ್ಕೆ. ತಂಪು ಮಾಡಲು ಸಮುದ್ರದ ನೀರು. ವಿದ್ಯುತ್ತಿನ ಶೇ. 90 ಕರ್ನಾಟಕಕ್ಕೆ, ಶೇ. 10 ಪಂಜಾಬಿಗೆ.

ಆ ಶೇ. 10ರ ಮೇಲೆ ಓದುಗರು ಕಣ್ಣಿಡಬೇಕು. ಒಂದಕ್ಕಿಂತ ಹೆಚ್ಚು ರಾಜ್ಯಗಳಿಗೆ ಮಾರುವ ಸ್ಥಾವರದ ದರವನ್ನು ನಿಗದಿ ಮಾಡುವವರು ಕೇಂದ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದವರು. ಅಂದರೆ ಪಂಜಾಬಿಗೆ ಹೋಗುವ ಆ ಹತ್ತನೇ ಒಂದು ಪಾಲಿನ ಕಾರಣಕ್ಕೆ, ಎಲ್ಲೂರಿನ ಸ್ಥಾವರಕ್ಕೆ ಎಷ್ಟು ಖರ್ಚಾಯಿತು ಎಂಬ ವಿಚಾರಣೆ ಬೆಂಗಳೂರನ್ನು ದಾಟಿ ದೆಹಲಿಯ ಜನಪಥಕ್ಕೆ ಹೋಯಿತು. ನಂದಿಕೂರಿನ ಜನಜಾಗೃತಿ ಸಮಿತಿ ಛಲ ಬಿಡದೆ ಅಲ್ಲಿಗೂ ಹೋಗಿ ಗ್ರಾಹಕರ ಪರವಾಗಿ ಯೋಜನಾ ವೆಚ್ಚವನ್ನು ಪ್ರಶ್ನಿಸಿತು. ಹಳ್ಳಿಯ ಸಂಘಟನೆಯೊಂದು ಸಾವಿರಾರು ಕೋಟಿಯ ಲೆಕ್ಕಪತ್ರವನ್ನು ಓದಿ, ವಕೀಲರನ್ನಿಟ್ಟು, ದೆಹಲಿಯಲ್ಲಿ ವಾದಿಸಿದ ಉದಾಹರಣೆ ನಮ್ಮಲ್ಲಿ ವಿರಳ. ಪೇಜಾವರ ಮಠದ ವಿಶ್ವೇಶತೀರ್ಥರು ಸ್ಥಾವರದ ವಿರುದ್ಧ ನಿಂತದ್ದನ್ನು ಊರೆಲ್ಲ ನೆನಪಿಟ್ಟುಕೊಂಡಿದೆ. ಈ ಲೆಕ್ಕದ ಹೋರಾಟವನ್ನೂ ಅಷ್ಟೇ ಗೌರವದಿಂದ ನೆನೆಯಬೇಕು.

ಮೊದಲ ಘಟಕ 2010ರ ನವೆಂಬರ್ 11ರಂದು ವಾಣಿಜ್ಯ ಉತ್ಪಾದನೆ ಆರಂಭಿಸಿತು. ಎರಡನೆಯದು 2012ರ ಆಗಸ್ಟ್ 19ರಂದು. ನಡುವಿನ ಸುಮಾರು ಎರಡು ವರ್ಷದ ಅಂತರಕ್ಕೆ ಒಂದು ಕಾರಣ ತಂತಿ. ಮೊದಲ ಘಟಕದ ಕರೆಂಟು 220 ಕೆವಿ ಮಾರ್ಗದಲ್ಲಿ ಕಾರ್ಕಳ ತಾಲೂಕಿನ ಕೇಮಾರು ಕೇಂದ್ರಕ್ಕೆ ಹೋಗುತ್ತಿತ್ತು. ಎರಡೂ ಘಟಕದ ಹೊರೆಯನ್ನು ಹೊರಲು ಹಾಸನಕ್ಕೆ 400 ಕೆವಿ ಮಾರ್ಗ ಬೇಕಿತ್ತು. ಅದನ್ನು ಕಟ್ಟಬೇಕಾದದ್ದು ಕೆಪಿಟಿಸಿಎಲ್. ಘಟ್ಟದ ಕಾಡಿನ ಅನುಮತಿ ತಡವಾಯಿತು, ತೋಟದವರು ತಡೆದರು, ಕೋರ್ಟು–ಕಚೇರಿ ನಡೆಯಿತು. ಕಟ್ಟುವ ಕಾಲ ಉದ್ದವಾದಷ್ಟೂ ಸಾಲದ ಬಡ್ಡಿ ಬೆಳೆಯುತ್ತದೆ. ಆ ಬಡ್ಡಿ ಯೋಜನಾ ವೆಚ್ಚಕ್ಕೆ ಸೇರುತ್ತದೆ. ವೆಚ್ಚ ದರಕ್ಕೆ ಸೇರುತ್ತದೆ. ಹಾಗಾದರೆ ತಡವಾದದ್ದಕ್ಕೆ ತೆರುವವರು ಯಾರು? ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿ 2011ರ ಏಪ್ರಿಲಿನಲ್ಲಿ, ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ, ಇದಕ್ಕೊಂದು ಸೂತ್ರ ಹೇಳಿತ್ತು. ತಪ್ಪು ಕಂಪನಿಯದಾದರೆ ಹೆಚ್ಚುವರಿ ವೆಚ್ಚ ಅದರ ತಲೆಗೆ. ಅದರ ಕೈ ಮೀರಿದ ಕಾರಣವಾದರೆ ಗ್ರಾಹಕರ ತಲೆಗೆ. ಎರಡರ ನಡುವಿನದಾದರೆ ಇಬ್ಬರೂ ಹಂಚಿಕೊಳ್ಳಬೇಕು. ನ್ಯಾಯವಾದ ಸೂತ್ರವೇ. ಆದರೆ ಇದರಲ್ಲಿ ಇಬ್ಬರೇ ಇದ್ದಾರೆ, ಕಂಪನಿ ಮತ್ತು ಗ್ರಾಹಕ. ಯಾರ ತೋಟದ ನಡುವೆ ಗೋಪುರ ನಿಂತಿತೋ ಅವನು ಈ ಹಂಚಿಕೆಯಲ್ಲಿ ಎಲ್ಲಿಯೂ ಇಲ್ಲ.

2014ರ ಫೆಬ್ರುವರಿಯಲ್ಲಿ ಕೇಂದ್ರ ಆಯೋಗ ಸ್ಥಾವರದ ಅಂತಿಮ ದರದ ಆದೇಶ ಹೊರಡಿಸಿತು. ವ್ಯಾಜ್ಯ ಅಲ್ಲಿಗೂ ನಿಲ್ಲದೆ ಮೇಲ್ಮನವಿ ನ್ಯಾಯಮಂಡಳಿಗೆ ಹೋಯಿತು. ಅದೇ ವರ್ಷದ ಆಗಸ್ಟಿನಲ್ಲಿ ಅದಾನಿ ಪವರ್ 6,000 ಕೋಟಿ ರೂಪಾಯಿಗೂ ಮಿಕ್ಕಿದ ಮೌಲ್ಯಕ್ಕೆ ಸ್ಥಾವರವನ್ನು ಕೊಳ್ಳುವುದಾಗಿ ಪ್ರಕಟಿಸಿ, 2015ರ ಏಪ್ರಿಲಿನಲ್ಲಿ ವಶಕ್ಕೆ ಪಡೆಯಿತು. ಕಂಪನಿ ಕೈಬದಲಾದರೂ ಗ್ರಾಹಕನ ಬಾಧ್ಯತೆ ಬದಲಾಗಲಿಲ್ಲ. ಈ ಬಗೆಯ ಒಪ್ಪಂದಗಳಲ್ಲಿ ದರಕ್ಕೆ ಎರಡು ಭಾಗ: ಸುಟ್ಟ ಕಲ್ಲಿದ್ದಲಿಗೆ ಒಂದು, ಹೂಡಿದ ಬಂಡವಾಳಕ್ಕೆ ಇನ್ನೊಂದು. ಸ್ಥಾವರ ಸಿದ್ಧವಾಗಿದ್ದರೆ ಸಾಕು, ಕರೆಂಟು ಕೊಳ್ಳದ ದಿನವೂ ಎರಡನೆಯ ಭಾಗ ಸಲ್ಲಬೇಕು. ಸೌರ, ಪವನ ವಿದ್ಯುತ್ ಹೆಚ್ಚಿ ದುಬಾರಿ ಕಲ್ಲಿದ್ದಲಿನ ಘಟಕಗಳಿಗೆ ಬೇಡಿಕೆ ಕುಸಿದ ವರ್ಷಗಳಲ್ಲಿ ಇದರ ಭಾರ ವಿತರಣಾ ಕಂಪನಿಗಳಿಗೆ, ಅವುಗಳ ಮೂಲಕ ನಮಗೆ, ಚೆನ್ನಾಗಿಯೇ ತಟ್ಟಿತು.

ಊರಿನ ಲೆಕ್ಕ ಬೇರೆಯೇ ಇತ್ತು. ಮಟ್ಟುವಿನ ಗುಳ್ಳ ಬೆಳೆಯುವವರು ಉಪ್ಪುನೀರಿನ ಬಗ್ಗೆ, ಮಲ್ಲಿಗೆ ಕಟ್ಟಿ ಬದುಕುವವರು ಇಳುವರಿಯ ಬಗ್ಗೆ ದೂರುತ್ತಲೇ ಬಂದರು. ಸಮಿತಿಯ ಅರ್ಜಿಯ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮಾರ್ಚಿನಲ್ಲಿ ಮಧ್ಯಂತರವಾಗಿ 5 ಕೋಟಿ ರೂಪಾಯಿ ಕಟ್ಟಲು ಹೇಳಿತು. 2022ರ ಮೇ ತಿಂಗಳಲ್ಲಿ ಪರಿಸರ ಪರಿಹಾರವೆಂದು 52 ಕೋಟಿ ವಿಧಿಸಿತು. ಸ್ಥಾವರ ಮೊದಲ ಬಾರಿ ಕರೆಂಟು ಮಾರಿದ ಹನ್ನೊಂದು ವರ್ಷಗಳ ನಂತರ ಊರಿನ ನಷ್ಟಕ್ಕೆ ಈ ಅಂಕಿ ಬಿತ್ತು. ಬಂಡವಾಳದ ಲಾಭವಾದರೋ ಮೊದಲ ತಿಂಗಳಿನಿಂದಲೇ ಲೆಕ್ಕದಲ್ಲಿತ್ತು.

ಮೂರನೆಯ ಕಾಲ ಪೈಪೋಟಿಯದು. ವೆಚ್ಚ ಹೆಚ್ಚಿಸಿ ಲಾಭ ಹೆಚ್ಚಿಸಿಕೊಳ್ಳುವ ರೋಗಕ್ಕೆ ಮದ್ದು ಹರಾಜು ಎಂದು ಕೇಂದ್ರ ಯೋಚಿಸಿತು. 2006ರ ದರ ನೀತಿಯಲ್ಲಿ ಇದರ ಬೀಜವಿತ್ತು. 2011ರ ಜನವರಿಯಿಂದ ಅಂತರರಾಜ್ಯ ಪ್ರಸರಣ ಮಾರ್ಗಗಳನ್ನು ಸಾಮಾನ್ಯವಾಗಿ ಬಿಡ್ ಕರೆದೇ ಕೊಡಬೇಕೆಂದಾಯಿತು. 35 ವರ್ಷಗಳ ಕಾಲ ವರ್ಷಕ್ಕೆ ಎಷ್ಟು ಶುಲ್ಕ ಬೇಕು ಎಂದು ಕಂಪನಿಗಳು ಹೇಳಬೇಕು, ಕಡಿಮೆ ಹೇಳಿದವರಿಗೆ ಕೆಲಸ. ಆಯೋಗ ಖರ್ಚನ್ನು ಕೆದಕಿ ನೋಡುವುದಿಲ್ಲ. ಬಿಡ್ ಸರಿಯಾಗಿ ನಡೆದಿದೆಯೇ ಎಂದು ನೋಡಿ, 2003ರ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ದರವನ್ನು ಅಂಗೀಕರಿಸುತ್ತದೆ. ಕಟ್ಟುವಾಗ ಖರ್ಚು ಹೆಚ್ಚಾದರೆ, ಕಾನೂನು ಬದಲಾವಣೆಯಂಥ ಕೆಲವು ಕಾರಣಗಳನ್ನು ಬಿಟ್ಟು, ಅದು ಕಂಪನಿಯ ಪಾಡು. ಗ್ರಾಹಕನ ಕಡೆಯಿಂದ ನೋಡಿದರೆ ಇದು ಹಿಂದಿನ ಎರಡಕ್ಕಿಂತಲೂ ಒಳ್ಳೆಯ ವ್ಯವಸ್ಥೆ.

ಆ ಹರಾಜಿನಲ್ಲಿ ಹೋದದ್ದೇ ಉಡುಪಿ–ಕಾಸರಗೋಡು 400 ಕೆವಿ ಮಾರ್ಗ. 2019ರ ಸೆಪ್ಟೆಂಬರಿನಲ್ಲಿ ಇದಕ್ಕೆಂದು ರಚಿಸಿದ ಕಂಪನಿಯನ್ನು ಸ್ಟರ್ಲೈಟ್ ಪವರ್ ಕೈಗೆತ್ತಿಕೊಂಡಿತು. ಎಲ್ಲೂರಿನಿಂದ ಹೊರಟು ಕಾರ್ಕಳದ ಅಂಚು, ಮೂಡುಬಿದಿರೆ, ಬಂಟ್ವಾಳದ ಹಳ್ಳಿಗಳನ್ನು ಹಾದು ಕಾಸರಗೋಡು ಜಿಲ್ಲೆಯ ಕರಿಂದಳದ ಹೊಸ ಕೇಂದ್ರಕ್ಕೆ ಸೇರುವ, ಸುಮಾರು 115 ಕಿಲೋಮೀಟರಿನ ಜೋಡಿ ಮಾರ್ಗ. ಉತ್ತರ ಕೇರಳಕ್ಕೆ ಇದರ ಅಗತ್ಯ ನಿಜವಾದದ್ದು. ಮಂಜೇಶ್ವರ, ಕುಂಬಳೆ, ಬದಿಯಡ್ಕದ ನಮ್ಮ ಬಂಧುಗಳ ಮನೆಗಳಲ್ಲೂ ದೀಪ ಉರಿಯಬೇಕು. ಈ ಮಾತನ್ನು ಮೊದಲೇ ಹೇಳುವುದು ಒಳ್ಳೆಯದು. ಮಾರ್ಗವೇ ಬೇಡ ಎಂಬ ನಿಲುವು ನನ್ನದಲ್ಲ.

ತಂತಿ ಹಾದುಹೋದ ಅಡಿಕೆ ತೋಟವನ್ನು ಹತ್ತಿರದಿಂದ ನೋಡಿದವರಿಗೆ ಮಾತ್ರ ತಿಳಿಯುವ ಒಂದು ಅಳತೆ ಇದೆ. 400 ಕೆವಿ ತಂತಿಗೂ ನೆಲಕ್ಕೂ ನಡುವೆ ಕನಿಷ್ಠ 8.84 ಮೀಟರ್ ಇರಬೇಕು. ಬೆಳೆದ ಅಡಿಕೆ ಮರ ಅದನ್ನು ಎಂದೋ ದಾಟಿರುತ್ತದೆ, ತೆಂಗಿನ ಮಾತಂತೂ ಬೇಡ. ಆದ್ದರಿಂದ ಇಂಥ ಮಾರ್ಗದ ಕೆಳಗೆ 46 ಮೀಟರ್ ಅಗಲದ ಪಟ್ಟಿಯಲ್ಲಿ ಅಡಿಕೆ, ತೆಂಗು ಇರುವಂತಿಲ್ಲ, ಮನೆ ಕಟ್ಟುವಂತಿಲ್ಲ. ಅಡಿಕೆಯನ್ನು ಸಾಮಾನ್ಯವಾಗಿ 2.7 ಮೀಟರ್ ಅಂತರದಲ್ಲಿ ನೆಡುತ್ತಾರೆ. ನೂರು ಮೀಟರ್ ಉದ್ದದ ತೋಟವನ್ನು ತಂತಿ ಅಡ್ಡ ಹಾಯ್ದರೆ ಒಂದು ಎಕರೆಗೂ ಮೇಲ್ಪಟ್ಟ ಜಾಗ, ಆರುನೂರಕ್ಕೂ ಹೆಚ್ಚು ಮರ. ಗೋಪುರ ನಿಲ್ಲುವ ಜಾಗವಾದರೆ ನಾಲ್ಕು ಕಾಲುಗಳ ನಡುವಿನ ಚೌಕ ಪೂರ್ತಿ ಹೋದಂತೆಯೇ. ಒಂದೂವರೆ, ಎರಡು ಎಕರೆಯ ಹಿಡುವಳಿಗಳೇ ಹೆಚ್ಚಿರುವ ನಮ್ಮ ಊರುಗಳಲ್ಲಿ ಇದು ಒಂದು ಕುಟುಂಬದ ಪೂರ್ಣ ಬದುಕು. ಬಯಲುಸೀಮೆಯ ನೂರಾರು ಎಕರೆಯ ಜೋಳದ ಹೊಲದ ಮೇಲೆ ತಂತಿ ಹೋಗುವುದಕ್ಕೂ, ಬೈಲು, ಮಜಲು, ಬೆಟ್ಟು ಎಂದು ಮೆಟ್ಟಿಲು ಮೆಟ್ಟಿಲಾಗಿ ತುಂಡಾದ ನೆಲದ ಮೇಲೆ ಹೋಗುವುದಕ್ಕೂ ವ್ಯತ್ಯಾಸವಿದೆ.

ಕಾನೂನು ಈ ವ್ಯತ್ಯಾಸವನ್ನು ಗುರುತಿಸುವುದಿಲ್ಲ. 2003ರ ಕಾಯ್ದೆಯ 164ನೇ ಸೆಕ್ಷನ್ ಪ್ರಕಾರ ಪ್ರಸರಣ ಕಂಪನಿಗೆ ಸರಕಾರ 1885ರ ತಂತಿ ಕಾಯ್ದೆಯ ಅಧಿಕಾರ ಕೊಡಬಹುದು. ಬ್ರಿಟಿಷರು ಟೆಲಿಗ್ರಾಫ್ ಕಂಬ ನೆಡಲು ಮಾಡಿಕೊಂಡ ಕಾಯ್ದೆ ಅದು. ಜಮೀನಿನ ಮಾಲಕತ್ವ ಹೋಗುವುದಿಲ್ಲ, ಬಳಸುವ ಹಕ್ಕು ಮಾತ್ರ ಕಂಪನಿಗೆ. ಆದ್ದರಿಂದ ಭೂಸ್ವಾಧೀನವಿಲ್ಲ, ಮಾಲಕನ ಒಪ್ಪಿಗೆಯೂ ಬೇಕಿಲ್ಲ. ಸುಪ್ರೀಂ ಕೋರ್ಟ್ 2016ರ ಡಿಸೆಂಬರಿನಲ್ಲಿ ಪವರ್ ಗ್ರಿಡ್ ಮತ್ತು ಸೆಂಚುರಿ ಟೆಕ್ಸ್‌ಟೈಲ್ಸ್ ನಡುವಿನ ಪ್ರಕರಣದಲ್ಲಿ ಇದನ್ನು ಖಚಿತಪಡಿಸಿತು. ಯಾರಾದರೂ ತಡೆದರೆ ಕಂಪನಿ ಜಿಲ್ಲಾ ದಂಡಾಧಿಕಾರಿಯ ಬಳಿ ಹೋಗುತ್ತದೆ. ನಮ್ಮಲ್ಲಾದರೆ ಮಣಿಪಾಲದ ರಜತಾದ್ರಿಗೆ. ಪರಿಹಾರ ಸಾಲದೆನಿಸಿದವನು ಜಿಲ್ಲಾ ನ್ಯಾಯಾಲಯಕ್ಕೆ ಹೋಗಬೇಕು. ಕೊನೆಯ ಟೆಲಿಗ್ರಾಂ ಹೋದದ್ದು 2013ರ ಜುಲೈಯಲ್ಲಿ. 2023ರ ದೂರಸಂಪರ್ಕ ಕಾಯ್ದೆ 1885ರ ಕಾಯ್ದೆಯ ಜಾಗಕ್ಕೆ ಬಂದಿತು. ಆದರೂ ವಿದ್ಯುತ್ ಮಾರ್ಗಗಳಿಗಾಗಿ ಅದರ ಮೂರನೆಯ ಭಾಗವನ್ನು ಹಾಗೆಯೇ ಉಳಿಸಿಕೊಂಡರು.

ಪರಿಹಾರದ ಮಾತಿಗೆ ಬರೋಣ. ಬಹುಕಾಲ ಕಡಿದ ಮರ, ಹಾಳಾದ ಬೆಳೆ ಇಷ್ಟಕ್ಕೇ ಹಣ ಸಿಗುತ್ತಿತ್ತು. 2015ರ ಅಕ್ಟೋಬರಿನಲ್ಲಿ ಕೇಂದ್ರ ಇಂಧನ ಸಚಿವಾಲಯ ಮಾರ್ಗಸೂಚಿ ಹೊರಡಿಸಿತು: ಗೋಪುರದ ಬುಡಕ್ಕೆ ಜಮೀನಿನ ಮೌಲ್ಯದ ಶೇ. 85, ತಂತಿಯ ಕೆಳಗಿನ ಪಟ್ಟಿಗೆ ಹೆಚ್ಚೆಂದರೆ ಶೇ. 15. 2024ರ ಜೂನಿನಲ್ಲಿ ಅದನ್ನು ಬದಲಿಸಿ ಬುಡಕ್ಕೆ ಶೇ. 200, ಪಟ್ಟಿಗೆ ಶೇ. 30 ಎಂದಿತು. ಏರಿಕೆ ದೊಡ್ಡದೇ. ಆದರೆ ಇದು ಮಾರ್ಗಸೂಚಿ, ರಾಜ್ಯಗಳು ಅಂಗೀಕರಿಸಿದರೆ ಮಾತ್ರ ಬಲ. ಅಡಿಕೆ ತೋಟದ ಪಟ್ಟಿಯಲ್ಲಿ ಮುಂದೆಂದೂ ಅಡಿಕೆ ಬೆಳೆಯಲಾಗದು ಎಂದಾಗ ಶೇ. 30 ಯಾವ ಲೆಕ್ಕ? ಮಾಲಕನ ಪಾಲಿಗೆ ಆ ಪಟ್ಟಿಯ ತೋಟ ಪೂರ್ತಿ ಹೋದಂತೆ. ಇನ್ನು ಕುಮ್ಕಿ. ಹಳೆಯ ದಕ್ಷಿಣ ಕನ್ನಡದಲ್ಲಿ ವರ್ಗ ಜಮೀನಿಗೆ ತಾಗಿಕೊಂಡ ಸರಕಾರಿ ನೆಲವನ್ನು ಸೊಪ್ಪಿಗೆ, ಸೌದೆಗೆ, ಮೇವಿಗೆ ಬಳಸುವ ಹಕ್ಕು ತಲೆತಲಾಂತರದಿಂದ ಇದೆ. ಎಷ್ಟೋ ಕುಟುಂಬ ಅಲ್ಲಿ ಗೇರು, ತೆಂಗು ಬೆಳೆಸಿದೆ. ಪಹಣಿಯಲ್ಲಿ ಅದು ಸರಕಾರದ್ದು. ಗೋಪುರ ಅಲ್ಲಿ ನಿಂತರೆ ಭೂಮಿಯ ಮೌಲ್ಯದ ಪರಿಹಾರ ಅವರಿಗೆ ಸಿಗುವ ದಾರಿಯೇ ಇಲ್ಲ. ದೆಹಲಿಯಲ್ಲಿ ಮಾರ್ಗಸೂಚಿ ಬರೆದವರಿಗೆ ಕುಮ್ಕಿ ಗೊತ್ತಿರಬೇಕೆಂದೇನಿಲ್ಲ. ನಮ್ಮ ರಾಜ್ಯಕ್ಕೆ ಗೊತ್ತಿದೆ.

ಕಾರ್ಕಳ ತಾಲೂಕಿನ ಇನ್ನಾ ಗ್ರಾಮದವರು 2024ರ ಮಳೆಗಾಲದಲ್ಲಿ ಉಡುಪಿ–ಕಾಸರಗೋಡು ಮಾರ್ಗದ ಗೋಪುರದ ಕೆಲಸಕ್ಕೆ ಬಂದವರನ್ನು ತಡೆದು ನಿಂತಾಗ ಪತ್ರಿಕೆಗಳಲ್ಲಿ ಅದು ‘ಅಭಿವೃದ್ಧಿಗೆ ಅಡ್ಡಿಯೇ?’ ಎಂಬ ಧಾಟಿಯಲ್ಲೂ ಚರ್ಚೆಯಾಯಿತು. ಆ ಪ್ರಶ್ನೆ ಅನ್ಯಾಯದ್ದು. ಹರಾಜಿನಲ್ಲಿ ಗೆಲ್ಲಲು ಕಂಪನಿ ಕಡಿಮೆ ದರ ಹೇಳಬೇಕು; ಕಡಿಮೆ ದರ ಹೇಳಬೇಕಾದರೆ ಪರಿಹಾರಕ್ಕೆ ಕಡಿಮೆ ಹಣ ಇಟ್ಟುಕೊಳ್ಳಬೇಕು. ದೇಶದ ಗ್ರಾಹಕನಿಗೆ ಉಳಿದ ಪೈಸೆಯ ಒಂದು ಭಾಗ ಇನ್ನಾದ ತೋಟದಿಂದ ತೆಗೆದದ್ದು. ಅಂತರರಾಜ್ಯ ಮಾರ್ಗದ ಶುಲ್ಕವನ್ನು ದೇಶದ ಬಳಕೆದಾರರೆಲ್ಲ ಹಂಚಿಕೊಳ್ಳುವ ಪದ್ಧತಿ ಇರುವುದರಿಂದ, ಪರಿಹಾರವನ್ನು ನ್ಯಾಯವಾಗಿ ಹೆಚ್ಚಿಸಿದರೂ ಅದು ಒಬ್ಬೊಬ್ಬರ ಬಿಲ್ಲಿನಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣದಾಗುತ್ತದೆ. ಕೊಡದೆ ಉಳಿಸಿದರೆ ಮಾತ್ರ ಅದು ಕೆಲವೇ ನೂರು ಮನೆಗಳ ಮೇಲೆ ಪೂರ್ತಿ ಭಾರವಾಗಿ ಬೀಳುತ್ತದೆ. ಉಳಿತಾಯವಾದರೂ ಆಯಿತೇ? 2022ರ ಕೊನೆಗೆ ಮುಗಿಯಬೇಕಿದ್ದ ಮಾರ್ಗ ಅದು. ತಡವಾದ ಹಾಸನ ಮಾರ್ಗದ ಪಾಠವನ್ನು ಓದಿದ್ದರೆ ಹೀಗಾಗುತ್ತಿರಲಿಲ್ಲ.

ಬಿಡ್ ಕರೆಯುವ ಮೊದಲೇ ಮಾರ್ಗದ ನಕ್ಷೆಯನ್ನು ಗ್ರಾಮಸಭೆಯ ಮುಂದಿಡಬೇಕು. ಪರಿಹಾರದ ದರವನ್ನು ಆಗಲೇ ನಿಗದಿ ಮಾಡಿ, ಪೈಪೋಟಿಯ ಹೊರಗಿಟ್ಟು, ಎಲ್ಲ ಬಿಡ್‌ದಾರರಿಗೂ ಒಂದೇ ಎಂದು ಘೋಷಿಸಬೇಕು. ತೋಟದ ಪಟ್ಟಿಗೆ ಬೆಳೆಯ ಪೂರ್ಣ ನಷ್ಟ ಸಲ್ಲಬೇಕು, ಬೇಕಾದರೆ ವರ್ಷಾವಧಿ ಬಾಡಿಗೆಯಾಗಿ. ಕುಮ್ಕಿಯ ಕೃಷಿಕನನ್ನು ಮಾಲಕನಂತೆಯೇ ಎಣಿಸುವ ಆದೇಶವನ್ನು ರಾಜ್ಯ ಸರಕಾರ ಹೊರಡಿಸಬೇಕು. ಬಿಡ್ ಇಲ್ಲದೆ ಕೊಡುವ ಹೊಸ ಪ್ರಸರಣ ಯೋಜನೆಗಳಿಗೆ 2024–29ರ ಅವಧಿಗೆ ಕೇಂದ್ರ ಆಯೋಗ ಬಂಡವಾಳದ ಮೇಲೆ ಶೇ. 15 ಲಾಭ ಗೊತ್ತುಮಾಡಿದೆ. ಹೂಡಿಕೆದಾರನ ಪಾಲನ್ನು ದಶಾಂಶದವರೆಗೆ ಲೆಕ್ಕ ಹಾಕಬಲ್ಲ ವ್ಯವಸ್ಥೆಗೆ ಭೂಮಿ ಬಿಟ್ಟುಕೊಟ್ಟವನ ಪಾಲನ್ನು ಲೆಕ್ಕ ಹಾಕುವುದು ಕಷ್ಟವಾಗಬಾರದು.

ಓದುಗರಲ್ಲಿ ಒಂದು ವಿನಂತಿ. ಮೆಸ್ಕಾಂನ ದರ ಪರಿಷ್ಕರಣೆಯ ಅರ್ಜಿ ದಾಖಲಾದಾಗ ಕನ್ನಡ ಪತ್ರಿಕೆಗಳಲ್ಲಿ ಅದರ ಪ್ರಕಟಣೆ ಬರುತ್ತದೆ. ಪುಟ ಮಗುಚುವ ಮೊದಲು ಅದನ್ನು ಓದಿ. ಆಕ್ಷೇಪ ಸಲ್ಲಿಸಲು ಸಾಮಾನ್ಯವಾಗಿ 30 ದಿನಗಳ ಅವಕಾಶವಿರುತ್ತದೆ, ಕನ್ನಡದಲ್ಲೇ ಬರೆದು ಕಳಿಸಬಹುದು, ವಕೀಲರೇ ಬೇಕೆಂದಿಲ್ಲ.